ಕೋಲಾರದಿಂದ ನಡೆದು ತಿರುಮಲ ಮುಟ್ಟಿದ್ದು

ನಮ್ಮ ಕಡೆ ತಿರುಪತಿಗೆ ನಡೆದುಕೊಂಡು ಹೋಗುವುದು ದೊಡ್ಡ ಸುದ್ದಿಯೇನಲ್ಲ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಹಳ್ಳಿಗಳಲ್ಲಿ ವಿಚಾರಿಸಿದರೆ ಹಾಗೆ ಹೋಗಿ ಬಂದವರು ಸಿಕ್ಕೇ ಸಿಗುತ್ತಾರೆ. ಕೆಲವರು ಧನುರ್ಮಾಸದಲ್ಲಿ ಹೊರಡುತ್ತಾರೆ, ಕೆಲವರು ಶ್ರಾವಣದಲ್ಲಿ, ಇನ್ನು ಕೆಲವರು ವೈಕುಂಠ ಏಕಾದಶಿಗೆ ಸರಿಯಾಗಿ ಬೆಟ್ಟ ಮುಟ್ಟುವ ಹಾಗೆ ಲೆಕ್ಕ ಹಾಕಿಕೊಂಡು. ದಾರಿಯ ಬಗ್ಗೆ ಕೇಳಿದರೆ ಎಲ್ಲರೂ ಗಂಟೆಗಟ್ಟಲೆ ಹೇಳುತ್ತಾರೆ. ಎಲ್ಲಿ ನೀರು ಚೆನ್ನಾಗಿದೆ, ಎಲ್ಲಿ ಮಲಗಲು ಜಾಗ ಕೊಡುತ್ತಾರೆ, ಯಾವ ಇಳಿಜಾರಿನಲ್ಲಿ ಲಾರಿಗಳು ಜೋರಾಗಿ ಬರುತ್ತವೆ, ಎಲ್ಲಾ ಹೇಳುತ್ತಾರೆ. ಕೊನೆಯ ದಿನ ಹೇಗಿತ್ತು ಅಂದರೆ ಮಾತ್ರ "ದರ್ಶನ ಚೆನ್ನಾಗಾಯ್ತು" ಅಂದು ಸುಮ್ಮನಾಗುತ್ತಾರೆ. ನನಗೆ ಆ ಕೊನೆಯ ದಿನದ್ದೇ ಜಾಸ್ತಿ ಹೇಳಬೇಕು ಅನ್ನಿಸಿದೆ. ದಾರಿಯದ್ದು ಬೇಕಾದಷ್ಟು ಮಾತ್ರ ಹೇಳಿ ಮುಂದಕ್ಕೆ ಹೋಗುತ್ತೇನೆ.

ನಾವು ಹೊರಟಿದ್ದು ಸಂಕ್ರಾಂತಿ ಕಳೆದ ಮೇಲೆ. ರಾಗಿ ಒಕ್ಕಣೆ ಮುಗಿದಿತ್ತು, ಅವರೆಕಾಯಿ ಕೊನೆಗೆ ಬಂದಿತ್ತು, ಹೊಲದಲ್ಲಿ ಕೈ ಖಾಲಿ. ರಥಸಪ್ತಮಿ ದಿನ ತಿರುಮಲದಲ್ಲಿ ಸ್ವಾಮಿಯ ಉತ್ಸವ ಬೆಳಗಿಂದ ರಾತ್ರಿವರೆಗೆ ಏಳು ವಾಹನಗಳ ಮೇಲೆ ನಡೆಯುತ್ತದೆ, ಆವತ್ತು ಕಾಲಿಡಲು ಜಾಗ ಇರುವುದಿಲ್ಲ, ಅದನ್ನು ತಪ್ಪಿಸಿ ದಿನ ನೋಡಿದ್ದರು. ಗುಂಪಿನ ಹಿರಿಯರನ್ನು ನಾವೆಲ್ಲ ತಾತ ಅನ್ನುತ್ತೇವೆ. ಅವರು ನನ್ನ ಮದುವೆಗೆ ಮುಂಚಿನಿಂದಲೂ ನಡೆಯುತ್ತಿದ್ದಾರೆ. ಮನೆಯವರು ಹಸು ನೋಡಿಕೊಂಡು, ಡೇರಿಗೆ ಹಾಲು ಹಾಕಿಕೊಂಡು ಊರಲ್ಲೇ ಉಳಿದರು. ನಾನು, ನನ್ನ ಓರಗಿತ್ತಿ ಇಬ್ಬರೂ ಹೊರಟೆವು. ಅಕ್ಕಿ, ಚಾಪೆ, ಪಾತ್ರೆ, ಗ್ಯಾಸ್ ಎಲ್ಲಾ ಒಂದು ಲಗೇಜ್ ಆಟೋದಲ್ಲಿ ಮುಂದೆ ಹೋಗುತ್ತಿತ್ತು. ನಮ್ಮ ಕೈಯಲ್ಲಿ ನೀರಿನ ಬಾಟಲಿ, ಟಾರ್ಚು, ಒಂದು ಚೀಲ ಅಷ್ಟೇ.

ನನ್ನ ಚೀಲದಲ್ಲಿ ಇನ್ನೊಂದು ಇತ್ತು, ನಮ್ಮತ್ತೆಯ ಮುಡಿಪು. ನಮ್ಮ ಜಿಲ್ಲೆಯಲ್ಲಿ ಬೋರು ಕೊರೆಸುವುದು ಅಂದರೆ ಏನು ಅಂತ ಗೊತ್ತಿರುವವರಿಗೆ ಗೊತ್ತು. ಸಾವಿರ ಅಡಿ ದಾಟಿದರೂ ಬರೀ ಧೂಳು ಬರುತ್ತದೆ, ಸಾಲ ಮಾತ್ರ ಉಳಿಯುತ್ತದೆ. ಹಿಂದಿನ ಬೋರು ಹೀಗೇ ಹೋಗಿತ್ತು. ಮುಂದಿನದಕ್ಕೆ ಗಾಡಿ ಬರುವ ಹಿಂದಿನ ರಾತ್ರಿ ಅತ್ತೆ ಸ್ನಾನ ಮಾಡಿ, ಬಿಳಿ ಬಟ್ಟೆಯ ತುಂಡನ್ನು ಅರಿಶಿನದ ನೀರಲ್ಲಿ ಅದ್ದಿ, ಅದರಲ್ಲಿ ಕಾಸು ಕಟ್ಟಿ, ದೇವರ ಮನೆಯ ಮೊಳೆಗೆ ನೇತು ಹಾಕಿದರು. ತಿಮ್ಮಪ್ಪಾ, ನೀರು ಕೊಡು, ನಡೆದು ಬಂದು ಒಪ್ಪಿಸುತ್ತೇವೆ ಅಂತ. ನೀರು ಬಂತು. ಜಾಸ್ತಿ ಇಲ್ಲ, ಟೊಮೆಟೊಗೂ ಮನೆಗೂ ಆಗುವಷ್ಟು. ನಡೆಯಲು ಅತ್ತೆಯ ಮಂಡಿ ಬಿಡಲಿಲ್ಲ. ಮುಡಿಪು ಮೊಳೆಯಲ್ಲೇ ಕೂತಿತ್ತು, ಪ್ರತಿ ಶನಿವಾರ ಅದಕ್ಕೂ ಒಂದು ಹೂವು ಇಡುತ್ತಿದ್ದರು. ಕೊನೆಗೆ ನಾನು ಹೋಗುತ್ತೇನೆ ಅಂದಾಗ ಅದನ್ನು ಇಳಿಸಿ, ಕಣ್ಣಿಗೊತ್ತಿಕೊಂಡು, ನನ್ನ ಕೈಗೆ ಕೊಟ್ಟರು. "ದಾರೀಲಿ ನೆಲದ ಮೇಲೆ ಮಾತ್ರ ಇಡಬೇಡಮ್ಮ" ಅಂದರು.

ಹಳೆಯ ಎನ್‌ಎಚ್ 4 ದಾರಿ ಹಿಡಿದರೆ ಕೋಲಾರದಿಂದ ಮುಳಬಾಗಿಲು, ನಂಗಲಿ, ಪಲಮನೇರು, ಚಿತ್ತೂರು, ಚಂದ್ರಗಿರಿ, ಆಮೇಲೆ ತಿರುಪತಿ, ಒಟ್ಟು ಸುಮಾರು 180 ಕಿಲೋಮೀಟರ್. ನಮ್ಮ ಗುಂಪು ಮೊದಲು ನಿಲ್ಲುವುದು ಮುಳಬಾಗಿಲಿನ ಆಂಜನೇಯನ ಹತ್ತಿರ. ಅರ್ಜುನ ಪ್ರತಿಷ್ಠೆ ಮಾಡಿದ್ದು ಅನ್ನುತ್ತಾರೆ. ಅವನಿಗೆ ಹೇಳದೆ ಮುಂದೆ ಹೋಗುವುದಿಲ್ಲ, ಅದು ನಮ್ಮ ಹಿರಿಯರ ಕಾಲದಿಂದ ಬಂದಿದ್ದು. ಬೆಳಗಿನ ಜಾವ ಮೂರು ಗಂಟೆಗೆ ಎದ್ದು, ಬಿಸಿಲು ಏರುವ ತನಕ ನಡಿಗೆ. ಮಧ್ಯಾಹ್ನ ಊಟ, ನಿದ್ದೆ. ಸಂಜೆ ನಾಲ್ಕರಿಂದ ಮತ್ತೆ ನಡಿಗೆ. ಎದುರಿಗೆ ಬರುವ ಗಾಡಿ ಕಾಣುವ ಹಾಗೆ ರಸ್ತೆಯ ಬಲಗಡೆ ನಡೆಯಬೇಕು, ಬೆನ್ನಿನ ಮೇಲೆ ಹೊಳೆಯುವ ಪಟ್ಟಿಯ ಜಾಕೆಟ್ ಇರಬೇಕು. ತಾತ ಇದರಲ್ಲಿ ಬಹಳ ಕಟ್ಟುನಿಟ್ಟು. ಭಕ್ತಿ ಇದೆ ಅಂತ ಲಾರಿ ನಿಲ್ಲುವುದಿಲ್ಲ ಅನ್ನುತ್ತಾರೆ, ಅದು ನಿಜವೇ.

ಹೆಂಗಸರಿಗೆ ಇದರಲ್ಲಿ ಕಷ್ಟದ ವಿಷಯ ಕಾಲು ನೋವಲ್ಲ, ಬಚ್ಚಲು. ಇದನ್ನು ಯಾರೂ ಬರೆಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪೆಟ್ರೋಲ್ ಬಂಕು, ದೇವಸ್ಥಾನದ ಛತ್ರ, ಕಲ್ಯಾಣ ಮಂಟಪ ಎಲ್ಲೆಲ್ಲಿವೆ ಅಂತ ಮುಂಚೆಯೇ ಗೊತ್ತು ಮಾಡಿಕೊಂಡು ಅದರ ಮೇಲೆ ನಡಿಗೆ ಲೆಕ್ಕ ಹಾಕಬೇಕು. ನೀರು ಕಮ್ಮಿ ಕುಡಿದು ನಡೆದರೆ ಆಯ್ತು ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಾಗೆ ಮಾಡಿದ ಒಬ್ಬ ಹುಡುಗಿಗೆ ಪಲಮನೇರಿನಲ್ಲಿ ಉರಿಮೂತ್ರ ಶುರುವಾಗಿ, ಚಿತ್ತೂರಿನ ತನಕ ಆಟೋದಲ್ಲಿ ಕೂರಿಸಬೇಕಾಯಿತು. ಪಾಪ, ಅವಳು ಅತ್ತಿದ್ದು ನೋವಿಗಲ್ಲ, ಗಾಡಿ ಹತ್ತಬೇಕಾಯ್ತಲ್ಲ ಅಂತ.

ಇನ್ನು ಕಾಸಿನ ವಿಷಯ. ಇದು ನನಗೆ ಮುಂಚೆ ಗೊತ್ತಿರಲಿಲ್ಲ. ನಡೆದು ಹೋಗುವವರನ್ನು ಕಂಡರೆ ದಾರಿಯ ಜನ ಬಂದು ಕಾಸು ಕೊಡುತ್ತಾರೆ, ನಮ್ಮ ಹೆಸರಲ್ಲಿ ಹುಂಡಿಗೆ ಹಾಕಿ ಅಂತ. ನಮ್ಮ ಊರು ಬಿಡುವಾಗಲೇ ಶುರುವಾಯಿತು, ಬೀದಿಯ ಕೊನೆ ಮನೆಯ ಅಜ್ಜಿಯಿಂದ. ನಂಗಲಿ ಹತ್ತಿರ ಒಬ್ಬ ಅಕ್ಕ ರಸ್ತೆ ಪಕ್ಕ ಟೀ ಅಂಗಡಿ ಇಟ್ಟಿದ್ದಾರೆ. ನಮ್ಮ ಹತ್ತಿರ ಟೀ ದುಡ್ಡು ತೆಗೆದುಕೊಳ್ಳಲಿಲ್ಲ. ಸೆರಗಿನ ತುದಿ ಬಿಚ್ಚಿದರು. ಅದರೊಳಗೆ ಹತ್ತು ರೂಪಾಯಿ ನೋಟು, ಮಡಿಸಿ ಮಡಿಸಿ ಉಗುರಿನಷ್ಟಾಗಿತ್ತು. ಅದನ್ನು ತೊಡೆಯ ಮೇಲಿಟ್ಟು ಅಂಗೈಯಲ್ಲಿ ನೀಟಾಗಿ ತೀಡಿದರು, ಒಂದು ರೂಪಾಯಿ ನಾಣ್ಯ ಅದರ ಮೇಲಿಟ್ಟು ಕೊಟ್ಟರು. "ನನ್ನ ಮೊಮ್ಮಗಳ ಹೆಸರು ಹೇಳಿ ಹಾಕಮ್ಮ" ಅಂದು ಹೆಸರು ಎರಡು ಸಲ ಹೇಳಿದರು, ನನ್ನ ಬಾಯಲ್ಲೂ ಹೇಳಿಸಿದರು. ಗಡಿ ದಾಟಿದ ಮೇಲೆ ತೆಲುಗಿನಲ್ಲಿ ಕೇಳುತ್ತಾರೆ, "ಎಕ್ಕಡ ನುಂಚಿ ಸ್ವಾಮೀ?" ಅಂತ. ಕೋಲಾರ ಅಂದ ತಕ್ಷಣ ಅರ್ಧ ಜನ ಕನ್ನಡಕ್ಕೆ ಬರುತ್ತಾರೆ, ನಮಗೂ ಅರ್ಧ ತೆಲುಗೇ. ಒಬ್ಬ ಲಾರಿ ಡ್ರೈವರ್ ಗಾಡಿ ನಿಲ್ಲಿಸಿ ಕೊಟ್ಟ. ಶಾಲೆಗೆ ಹೋಗುತ್ತಿದ್ದ ಹುಡುಗಿ ಕಂಪಾಸ್ ಬಾಕ್ಸ್‌ನಿಂದ ಎರಡು ರೂಪಾಯಿ ತೆಗೆದು ಕೊಟ್ಟಳು, ಹತ್ತನೇ ಕ್ಲಾಸಂತೆ. ಮೊಗಿಲಿ ಘಾಟಿಯಲ್ಲಿ ಕಡಲೆಕಾಯಿ ಮಾರುತ್ತಿದ್ದ ಮುದುಕರು ಕಾಸೂ ಕೊಟ್ಟರು, ಒಂದು ಪೊಟ್ಟಣ ಕಡಲೆಕಾಯಿಯನ್ನೂ ಕೊಟ್ಟರು.

ಎಲ್ಲಾ ಮುಡಿಪಿನ ಜೊತೆಗೇ ಇನ್ನೊಂದು ಬಟ್ಟೆಯಲ್ಲಿ ಕಟ್ಟುತ್ತಾ ಹೋದೆ. ರಾತ್ರಿ ಮಲಗುವ ಮುಂಚೆ ಯಾರು ಯಾರು ಕೊಟ್ಟರು ಅಂತ ನೆನಪು ಮಾಡಿಕೊಳ್ಳುತ್ತಿದ್ದೆ. ಪಟ್ಟಿ ಉದ್ದವಾಗುತ್ತಾ ಬಂತು. ಹೆಸರು ಮರೆತು ಹೋದರೆ ಏನು ಗತಿ ಅಂತ ಭಯ ಶುರುವಾಯಿತು. ಯಾಕೆಂದರೆ ಅವರು ಕೊಟ್ಟಿದ್ದು ಕಾಸಿಗಿಂತ ಜಾಸ್ತಿ ಹೆಸರನ್ನೇ ಅಲ್ವಾ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ.

ಕಾಣಿಪಾಕಕ್ಕೆ ಹೋಗಬೇಕಾದರೆ ಚಿತ್ತೂರು ದಾಟಿದ ಮೇಲೆ ದಾರಿಯಿಂದ ಸ್ವಲ್ಪ ಒಳಗೆ ತಿರುಗಬೇಕು. ಬಾವಿಯಲ್ಲಿ ತಾನಾಗಿಯೇ ಮೂಡಿದ ವಿನಾಯಕ, ಇವತ್ತಿಗೂ ಬೆಳೆಯುತ್ತಿದ್ದಾನೆ ಅನ್ನುವುದು ನಂಬಿಕೆ. ಅಲ್ಲಿ ತೆಂಗಿನಕಾಯಿ ಒಡೆದು ಮುಂದೆ ನಡೆದೆವು. ಅಷ್ಟು ಹೊತ್ತಿಗೆ ಎಲ್ಲರ ಕಾಲಲ್ಲೂ ಬೊಬ್ಬೆ. ಬೊಬ್ಬೆಗೆ ಸೂಜಿ ದಾರ ಹಾಕುವವರಿದ್ದಾರೆ. ನಮ್ಮ ತಾತ ಬಿಡುವುದಿಲ್ಲ. ಉಪ್ಪು ಹಾಕಿದ ಬಿಸಿನೀರಲ್ಲಿ ಕಾಲಿಟ್ಟು, ಒಣಗಿಸಿ, ಮೇಲೆ ಶುಚಿಯಾದ ಬ್ಯಾಂಡೇಜು, ಅಷ್ಟೇ. ಬೊಬ್ಬೆ ಏಳದ ಕಡೆ ಮಾತ್ರ ಕೊಬ್ಬರಿ ಎಣ್ಣೆ.

ಈಗ ಕೊನೆಗೆ ಬರುತ್ತೇನೆ.

ಚಂದ್ರಗಿರಿ ಹತ್ತಿರ ಬರುವಾಗ ಬೆಟ್ಟ ಕಾಣುತ್ತದೆ. ನಮ್ಮ ಕಡೆಯ ಬೆಟ್ಟ ಅಂದರೆ ಬಂಡೆ ಗುಂಡುಗಳು, ಮುಳಬಾಗಿಲಿನ ಹಾಗೆ, ಅಂತರಗಂಗೆಯ ಹಾಗೆ. ಇದು ಬೇರೆ. ಉದ್ದಕ್ಕೆ ಗೋಡೆ ಎದ್ದು ನಿಂತಿರುತ್ತದೆ, ಮೇಲ್ಗಡೆ ಕೆಂಪು ಕಲ್ಲಿನ ಪಟ್ಟಿ, ಕೆಳಗೆ ಕಾಡು. ಮುಂದೆ ನಡೆಯುತ್ತಿದ್ದವರು "ಗೋವಿಂದಾ" ಅಂತ ಕೂಗಿದರು. ಹಿಂದಿನವರು ಇನ್ನೂ ಏನೂ ಕಾಣದೆಯೇ "ಗೋವಿಂದ" ಅಂದರು. ನಾನು ಅಂದುಕೊಂಡಿದ್ದು, ಬೆಟ್ಟ ಕಂಡ ಮೇಲೆ ಎಲ್ಲರೂ ಬೇಗ ಬೇಗ ನಡೆಯುತ್ತಾರೆ ಅಂತ. ಆಗಿದ್ದೇ ಬೇರೆ, ಎಲ್ಲರೂ ನಿಧಾನವಾದರು. ಪಕ್ಕಪಕ್ಕ ನಡೆಯಲು ಶುರು ಮಾಡಿದರು. ಮೊದಲ ದಿನದಿಂದ ಮಾತು ಬಿಟ್ಟಿದ್ದ ಅಣ್ಣ ತಮ್ಮ ಇಬ್ಬರಿದ್ದರು ಗುಂಪಲ್ಲಿ, ಜಮೀನಿನ ವಿಷಯ. ಅವರೂ ಒಂದೇ ಬಾಟಲಿಯಲ್ಲಿ ನೀರು ಕುಡಿದಿದ್ದನ್ನು ನಾನೇ ನೋಡಿದೆ. ಊರಿಗೆ ಬಂದ ಮೇಲೆ ಜಗಳ ಬಗೆಹರಿಯಿತಾ ಅಂದರೆ ಇಲ್ಲ, ಇನ್ನೂ ಇದೆ. ಆದರೂ ಆ ಮಧ್ಯಾಹ್ನ ಹಾಗಿತ್ತು.

ಚಂದ್ರಗಿರಿಯಲ್ಲಿ ಕೋಟೆ ಇದೆ, ವಿಜಯನಗರದ ಅರಸರು ಕೊನೆಕೊನೆಗೆ ಇದ್ದ ಜಾಗ. ಕೃಷ್ಣದೇವರಾಯ 1513ರಿಂದ 1521ರ ಒಳಗೆ ಏಳು ಸಲ ತಿರುಮಲಕ್ಕೆ ಬಂದಿದ್ದ. ಈ ಕಡೆಯಿಂದ ಬೆಟ್ಟಕ್ಕೆ ಹತ್ತಿರದ ದಾರಿ ಶ್ರೀವಾರಿ ಮೆಟ್ಟು, 2,388 ಮೆಟ್ಟಿಲು. ಅಲಿಪಿರಿ ದಾರಿ ಅಂದರೆ ಇನ್ನೂ ತಿರುಪತಿ ಊರೊಳಗೆ ನಡೆದು ಹೋಗಬೇಕು, ಅಲ್ಲಿ 3,550 ಮೆಟ್ಟಿಲು, ಒಟ್ಟು ಒಂಬತ್ತು ಕಿಲೋಮೀಟರ್ ಹತ್ತಿರ. ಇಲ್ಲಿ ಗುಂಪಲ್ಲಿ ಚರ್ಚೆ ಶುರುವಾಯಿತು. ಕಾಲು ಸೋತಿದೆ, ಹತ್ತಿರದ್ದು ಇರುವಾಗ ಸುತ್ತು ಯಾಕೆ ಅಂತ ಕೆಲವರು. ತಾತ ಅಲಿಪಿರಿ ಅಂದರು. "ಇಷ್ಟು ದೂರ ನಡೆದು ಬಂದು ಕೊನೇಲಿ ಅಡ್ಡದಾರಿ ನೋಡ್ತೀರಾ?" ಶ್ರೀವಾರಿ ಮೆಟ್ಟು ಅಡ್ಡದಾರಿಯಲ್ಲ, ಅದೂ ಹಳೆಯ ದಾರಿಯೇ, ಅಲ್ಲಿ ಹತ್ತುವವರ ಪುಣ್ಯವೇನೂ ಕಮ್ಮಿಯಲ್ಲ. ಆದರೆ ತಾತನ ಮನಸ್ಸಲ್ಲಿ ಇದ್ದಿದ್ದು ಮೊಣಕಾಲು ಮೆಟ್ಟಿಲು. ಅದು ಅಲಿಪಿರಿ ದಾರಿಯಲ್ಲಿ ಮಾತ್ರ ಇದೆ. ಅದು ನನಗೆ ಆಮೇಲೆ ಗೊತ್ತಾಯಿತು.

ಆ ರಾತ್ರಿ ಶ್ರೀನಿವಾಸ ಮಂಗಾಪುರದಲ್ಲಿ ಉಳಿದೆವು. ಮದುವೆಯಾದ ಮೇಲೆ ಶ್ರೀನಿವಾಸ ಪದ್ಮಾವತಿ ಆರು ತಿಂಗಳು ಇಲ್ಲೇ ಇದ್ದರು ಅಂತ ಕಥೆ ಇದೆ. ಕಲ್ಯಾಣ ವೆಂಕಟೇಶ್ವರನ ದರ್ಶನ ಮಾಡಿ, ಚಿತ್ರಾನ್ನ ತಿಂದು, ಚಾಪೆ ಹಾಸಿದೆವು. ನಿದ್ದೆ ಯಾರಿಗೂ ಬರಲಿಲ್ಲ. ನಾನು ನೋಟ್‌ಬುಕ್ ತೆಗೆದು ತಾತನ ಹತ್ತಿರ ಕೇಳಿದೆ, "ಹುಂಡಿ ಹತ್ರ ಇಷ್ಟು ಹೆಸರು ಓದೋಕೆ ಬಿಡ್ತಾರಾ?" ತಾತ ನಗಲಿಲ್ಲ. "ಅಲ್ಲಿ ಟೈಮ್ ಇರಲ್ಲಮ್ಮ. ಹಿಂದಿನವರು ತಳ್ತಾ ಇರ್ತಾರೆ. ನೀನು ಮೆಟ್ಲು ಹತ್ತುವಾಗಲೇ ಹೇಳ್ಕೊಂಡ್ಬಿಡು. ಮೊಣಕಾಲು ಮೆಟ್ಲು ಬರುತ್ತಲ್ಲ, ಅಲ್ಲಿ ಒಂದೊಂದು ಮೆಟ್ಲಿಗೆ ಒಂದೊಂದು ಹೆಸರು. ನಾನು ಹಂಗೇ ಮಾಡೋದು" ಅಂದರು. ಅವರ ಜೇಬಲ್ಲೂ ಒಂದು ಸಣ್ಣ ಪುಸ್ತಕ ಇತ್ತು, ಅಂಚೆಲ್ಲಾ ಬೆವರಿಗೆ ಮೆತ್ತಗಾಗಿತ್ತು.

ಬೆಳಗಿನ ಜಾವ ಅಲಿಪಿರಿ. ಸಾಮಾನನ್ನು ಅಲ್ಲೇ ಕೌಂಟರಿನಲ್ಲಿ ಕೊಟ್ಟರೆ ದೇವಸ್ಥಾನದವರು ಮೇಲಕ್ಕೆ ಉಚಿತವಾಗಿ ಕಳಿಸುತ್ತಾರೆ, ಚಪ್ಪಲಿಯನ್ನೂ ಅದರಲ್ಲೇ ಹಾಕಿದೆವು. ಟೋಕನ್, ಸಮಯ, ಇದರ ನಿಯಮ ಆಗಾಗ ಬದಲಾಗುತ್ತದೆ, ಹೋಗುವ ಮುಂಚೆ ವಿಚಾರಿಸಿಕೊಳ್ಳಿ. 2023ರ ಆಗಸ್ಟ್‌ನಲ್ಲಿ ಈ ದಾರಿಯಲ್ಲಿ ಚಿರತೆ ದಾಳಿಗೆ ಒಂದು ಹೆಣ್ಣುಮಗು ತೀರಿಕೊಂಡಿತು. ಆಗ ಮಕ್ಕಳಿರುವವರಿಗೆ ಹೊತ್ತಿನ ನಿರ್ಬಂಧ ತಂದರು, ಭಕ್ತರ ಕೈಗೆ ಕೋಲು ಕೊಟ್ಟರು, ಗುಂಪಾಗಿ ಹೋಗಿ ಅಂತ ಹೇಳಿದರು. ನನ್ನ ಓರಗಿತ್ತಿ ಆ ಮಗುವಿಗೂ ಒಂದು ಕರ್ಪೂರ ಹಚ್ಚಿದಳು.

ಪಾದಾಲ ಮಂಟಪದಲ್ಲಿ ಸ್ವಾಮಿಯ ಪಾದುಕೆಯನ್ನು ತಲೆ ಮೇಲೆ ಹೊತ್ತು ಸುತ್ತು ಬರುತ್ತಾರೆ. ನಾವೂ ಹೊತ್ತೆವು. ಅಲ್ಲಿಂದ ಸ್ವಲ್ಪ ಮೇಲೆ ತಲೆಯೇರು ಗುಂಡು ಅಂತ ಒಂದು ಬಂಡೆ ಇದೆ. ಮಂಡಿ ನೋವು ಬರಬಾರದು ಅಂತ ಜನ ಅದಕ್ಕೆ ಮಂಡಿ, ಹಣೆ ಒತ್ತುತ್ತಾರೆ. ಎಷ್ಟು ಜನ ಒತ್ತಿದ್ದಾರೆ ಅಂದರೆ ಕಲ್ಲಿನಲ್ಲಿ ಗುಳಿ ಬಿದ್ದಿದೆ. ನಾನು ಅತ್ತೆಯ ಹೆಸರು ಹೇಳಿ ಮಂಡಿ ಒತ್ತಿದೆ.

ಗಾಳಿ ಗೋಪುರದ ತನಕ ಏರು ಬಹಳ ಕಡಿದು. ದಾರಿಗೆ ಮೇಲೆ ಚಾವಣಿ ಇದೆ, ಬಿಸಿಲಿನ ಭಯವಿಲ್ಲ, ಆದರೆ ಉಸಿರಿಗೆ ಅದೇನು ಸಹಾಯ ಮಾಡುತ್ತದೆ. ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬಗ್ಗಿ ಬಗ್ಗಿ ಹತ್ತುವ ಹೆಂಗಸರಿರುತ್ತಾರೆ. ನಮಗೆ ಬರೀ ಕಾಲೆತ್ತುವುದೇ ಕಷ್ಟ, ಅವರು ಒಂದೊಂದು ಮೆಟ್ಟಿಲಿಗೂ ಸೊಂಟ ಬಗ್ಗಿಸುತ್ತಾರೆ. ಹಾಗೆ ಹತ್ತುತ್ತಿದ್ದ ಒಬ್ಬ ಹುಡುಗಿಯ ಬೆರಳು ಪೂರ್ತಿ ಕೆಂಪಾಗಿತ್ತು, ಕುಂಕುಮದ ತಟ್ಟೆ ಹಿಡಿದುಕೊಂಡು ಅವಳ ತಮ್ಮ ಹಿಂದೆ ಬರುತ್ತಿದ್ದ. ಗಾಳಿ ಗೋಪುರ ಮುಟ್ಟಿದರೆ ಅರ್ಧಕ್ಕಿಂತ ಜಾಸ್ತಿ ಮುಗಿದ ಹಾಗೆ. ಅಲ್ಲಿ ಕೂತು ಹಿಂದೆ ನೋಡಿದರೆ ತಿರುಪತಿ ಊರು ಪೂರ್ತಿ ಕೆಳಗೆ. ಆಮೇಲೆ ದಾರಿ ಸ್ವಲ್ಪ ಸಮ. ಜಿಂಕೆಗಳಿರುವ ಜಾಗ, ಏಳನೇ ಮೈಲಿಯ ದೊಡ್ಡ ಆಂಜನೇಯ, ಗಾಡಿ ರಸ್ತೆ ಪಕ್ಕದಲ್ಲೇ ಸ್ವಲ್ಪ ದೂರ, ಇದನ್ನೆಲ್ಲ ಬೇಗ ದಾಟಿದೆವು.

ಆಮೇಲೆ ಬಂತು ಮೊಣಕಾಲು ಮೆಟ್ಟಿಲು. ತೆಲುಗಿನವರು ಮೋಕಾಳ್ಳ ಮೆಟ್ಟು ಅನ್ನುತ್ತಾರೆ. ಬೆಟ್ಟವೇ ಸ್ವಾಮಿ, ಅದನ್ನು ಕಾಲಲ್ಲಿ ತುಳಿಯಬಾರದು ಅಂತ ರಾಮಾನುಜರು ಮೊಣಕಾಲಲ್ಲೇ ಹತ್ತಿದರು ಅಂತ ಹೇಳುತ್ತಾರೆ. ಮೆಟ್ಟಿಲುಗಳು ಇಲ್ಲಿ ಮತ್ತೆ ಕಡಿದು. ತಾತ ಪಂಚೆ ಎತ್ತಿ ಕಟ್ಟಿ, ಮೊಣಕಾಲೂರಿ, ಜೇಬಿನ ಪುಸ್ತಕ ತೆಗೆದರು. ನಾನೂ ಅವರ ಪಕ್ಕ ಮೊಣಕಾಲೂರಿದೆ. ನೋಟ್‌ಬುಕ್ ಎಡಗೈಯಲ್ಲಿ, ಬಲಗೈ ಮುಂದಿನ ಮೆಟ್ಟಿಲ ಮೇಲೆ. ಮೊದಲು ಅತ್ತೆಯ ಹೆಸರು. ಮುಂದಿನ ಮೆಟ್ಟಿಲಿಗೆ ಬೀದಿ ಕೊನೆಯ ಅಜ್ಜಿ. ನಂಗಲಿಯ ಮೊಮ್ಮಗಳು. ಲಾರಿ ಡ್ರೈವರಿನ ಹೆಸರು ಗೊತ್ತಿರಲಿಲ್ಲ, ಗಾಡಿಯ ನಂಬರ್ ಬರೆದುಕೊಂಡಿದ್ದೆ, ಅದನ್ನೇ ಹೇಳಿದೆ. ಕಂಪಾಸ್ ಬಾಕ್ಸಿನ ಹುಡುಗಿ. ಕಡಲೆಕಾಯಿ ತಾತ. ಒಂದು ಮೊಣಕಾಲು ಎತ್ತಿಡು, ಇನ್ನೊಂದು ಎತ್ತಿಡು, ಹೆಸರು ಹೇಳು, ಗೋವಿಂದ ಅನ್ನು.

ಸೀರೆ ಮೊಣಕಾಲಿಗೆ ಸಿಕ್ಕಿ ಎಳೆಯುತ್ತಿತ್ತು, ಕಲ್ಲು ಮೂಳೆಗೆ ತಾಗುತ್ತಿತ್ತು. ಆದರೆ ಒಂದು ವಿಷಯ ನಿಜವಾಗಿ ಹೇಳುತ್ತೇನೆ. ಅಷ್ಟು ದಿನದ ನಡಿಗೆಯಲ್ಲಿ ನಾನು ಎಷ್ಟೋ ಹೊತ್ತು ನನ್ನ ಕಾಲಿನ ಬಗ್ಗೆಯೇ ಯೋಚನೆ ಮಾಡುತ್ತಿದ್ದೆ. ಈ ಮೆಟ್ಟಿಲುಗಳ ಮೇಲೆ ನನ್ನ ಬಗ್ಗೆ ಯೋಚಿಸಲು ಜಾಗವೇ ಇರಲಿಲ್ಲ. ಒಂದೊಂದು ಹೆಸರಿಗೂ ಅವರ ಮುಖ ಬರುತ್ತಿತ್ತು, ಅವರು ನಿಂತಿದ್ದ ಜಾಗ ಬರುತ್ತಿತ್ತು, ಹಿಂದಿನ ದಾರಿ ಪೂರ್ತಿ ತುಂಡು ತುಂಡಾಗಿ ಮತ್ತೆ ಬಂತು. ಹೆಸರುಗಳು ಮುಗಿದಾಗ ಇನ್ನೂ ಮೆಟ್ಟಿಲು ಉಳಿದಿದ್ದವು. ಏನು ಮಾಡಲಿ ಅನ್ನುವ ಹಾಗೆ ತಾತನ ಮುಖ ನೋಡಿದೆ. "ಮತ್ತೆ ಮೊದಲಿಂದ ಹೇಳು" ಅಂದರು.

ನನ್ನ ಯಾತ್ರೆ ಮುಗಿದಿದ್ದು ಅಲ್ಲೇ ಅಂತ ನನಗೆ ಈಗಲೂ ಅನ್ನಿಸುತ್ತದೆ. ಮೇಲೆ ಹೋಗಿ ನೆಲಕ್ಕೆ ಹಣೆ ಹಚ್ಚಿದಾಗ ಓರಗಿತ್ತಿ ಜೋರಾಗಿ ಅತ್ತಳು, ಇನ್ನೂ ಹಲವರು ಅತ್ತರು. ನನಗೆ ಅಳು ಬರಲಿಲ್ಲ. ಮೈ ಹಗುರವಾಗಿತ್ತು, ಹಸಿವು ವಿಪರೀತ ಆಗಿತ್ತು.

ಮುಡಿ ಕೊಡುವ ಜಾಗ ಕಲ್ಯಾಣಕಟ್ಟೆ. ಅಲ್ಲಿ ಓರಗಿತ್ತಿ ಮೂರು ಕತ್ತರಿ ಕೊಟ್ಟಳು, ಅಂದರೆ ಕೂದಲ ತುದಿಯನ್ನು ಮೂರು ಸಲ ಕತ್ತರಿಸಿ ಒಪ್ಪಿಸುವುದು. ನಾನು ಪೂರ್ತಿ ಮುಡಿ ಕೊಟ್ಟೆ. ಮುಂಚೆ ಹಾಗಂತ ಹೇಳಿಕೊಂಡಿರಲಿಲ್ಲ, ಸಾಲಲ್ಲಿ ಕೂತಾಗ ಮನಸ್ಸಿಗೆ ಬಂತು. ಹೆಂಗಸರಿಗೆ ಹೆಂಗಸರೇ ಮುಡಿ ತೆಗೆಯುತ್ತಾರೆ. ಆ ಅಮ್ಮ ತಲೆಗೆ ನೀರು ಹಾಕಿ, ಹೊಸ ಬ್ಲೇಡು ಸಿಕ್ಕಿಸಿ, ನೆತ್ತಿಯಿಂದ ಹಣೆಗೆ ಒಂದೇ ಎಳೆತಕ್ಕೆ ತೆಗೆದರು. ತಲೆ ಬಗ್ಗಿಸಿ ಕೂತಿದ್ದೆ, ನನ್ನ ಜಡೆಯ ಕೂದಲು ನನ್ನ ತೊಡೆಯ ಮೇಲೆ ಬೀಳುವುದು ಕಾಣುತ್ತಿತ್ತು, ಅದರಲ್ಲಿ ನಾಲ್ಕಾರು ಬಿಳಿ ಕೂದಲು. "ಎಕ್ಕಡ ನುಂಚಿ?" ಅಂದರು. ಕೋಲಾರದಿಂದ ನಡೆದು ಬಂದೆ ಅಂದೆ. ಅವರು ಕೈ ನಿಲ್ಲಿಸಿ ನನ್ನ ಪಾದ ನೋಡಿದರು. ಬ್ಯಾಂಡೇಜಿನ ಪಾದ. ಏನೂ ಹೇಳದೆ ಮತ್ತೆ ಕೆಲಸ ಮುಂದುವರಿಸಿದರು, ಇನ್ನೂ ನಿಧಾನವಾಗಿ. ಸ್ನಾನ ಮಾಡಿ ಗಂಧ ಹಚ್ಚಿಕೊಂಡಾಗ ತಲೆಯ ಮೇಲೆ ಗಾಳಿ ಆಡಿದ್ದು ಗೊತ್ತಾಯಿತು.

ಪುಷ್ಕರಿಣಿ ಪಕ್ಕದಲ್ಲಿ ಮೊದಲು ವರಾಹಸ್ವಾಮಿ. ಈ ಜಾಗ ಅವನದ್ದು, ಶ್ರೀನಿವಾಸ ಅವನನ್ನು ಕೇಳಿ ಇಲ್ಲಿ ನೆಲೆಸಿದ್ದು, ಅದಕ್ಕೆ ಮೊದಲ ದರ್ಶನ ಅವನಿಗೆ. ಬಹಳ ಜನ ಆತುರದಲ್ಲಿ ಇದನ್ನು ಬಿಟ್ಟು ಹೋಗುತ್ತಾರೆ, ಬಿಡಬೇಡಿ. ಆಮೇಲೆ ವೈಕುಂಠಂ ಕ್ಯೂ ಕಾಂಪ್ಲೆಕ್ಸ್. ಕಂಪಾರ್ಟ್‌ಮೆಂಟಿನಲ್ಲಿ ಕೂರಿಸುತ್ತಾರೆ, ಹಾಲು ಉಪ್ಪಿಟ್ಟು ಕೊಡುತ್ತಾರೆ, ಕೂತಲ್ಲೇ ನಿದ್ದೆ ಬರುತ್ತದೆ. ಮಹಾದ್ವಾರ ದಾಟಿದರೆ ಕೃಷ್ಣದೇವರಾಯ ಇಬ್ಬರು ರಾಣಿಯರ ಜೊತೆ ಕೈ ಮುಗಿದು ನಿಂತಿದ್ದಾನೆ, ಲೋಹದ ವಿಗ್ರಹಗಳು. ಅಂಥ ಅರಸನೂ ಸಾಲಿನ ಪಕ್ಕದಲ್ಲಿ ಭಕ್ತನ ಹಾಗೆ ಕೈ ಮುಗಿದೇ ನಿಂತಿರುವುದು ನನಗೆ ಬಹಳ ಇಷ್ಟವಾಯಿತು. ಬೆಳ್ಳಿ ಬಾಗಿಲು, ಬಂಗಾರದ ಬಾಗಿಲು. ಆಮೇಲೆ ಸ್ವಾಮಿ. ದೀಪದ ಬೆಳಕು, ನಾಮ, ಹೂವಿನ ಹಾರಗಳ ಮಧ್ಯೆ ಮುಖ. "ಜರಗಂಡಿ ಜರಗಂಡಿ" ಅನ್ನುವುದರೊಳಗೆ ಹೊರಗಿದ್ದೆ. ಎಷ್ಟು ಕಡಿಮೆ ಹೊತ್ತು ಅಂತ ಎಲ್ಲರೂ ಬೇಜಾರು ಮಾಡಿಕೊಳ್ಳುತ್ತಾರೆ. ನನಗೆ ಬೇಜಾರಾಗಲಿಲ್ಲ. ಕೇಳುವುದು ಹೇಳುವುದು ಎಲ್ಲಾ ಮೆಟ್ಟಿಲ ಮೇಲೇ ಆಗಿತ್ತು, ಇಲ್ಲಿ ನೋಡುವುದಷ್ಟೇ ಬಾಕಿ ಇತ್ತು. ಕಣ್ಣು ಮುಚ್ಚದೆ ನೋಡಿದೆ.

ಪ್ರದಕ್ಷಿಣೆಯಲ್ಲಿ ಆನಂದ ನಿಲಯದ ಗೋಪುರದ ಮೇಲೆ ವಿಮಾನ ವೆಂಕಟೇಶ್ವರನನ್ನು ನೋಡಿ ಕೈ ಮುಗಿದು, ಹುಂಡಿ ಹತ್ತಿರ ಬಂದೆ. ದೊಡ್ಡ ಬಿಳಿ ಬಟ್ಟೆ, ಮೇಲೆ ನಾಮ. ತಾತ ಹೇಳಿದ ಹಾಗೇ ಇತ್ತು, ಹಿಂದಿನಿಂದ ತಳ್ಳುತ್ತಿದ್ದರು. ಮುಡಿಪು, ಕಾಸಿನ ಗಂಟು, ಎರಡನ್ನೂ ಕಣ್ಣಿಗೊತ್ತಿ ಒಟ್ಟಿಗೆ ಒಳಗೆ ಬಿಟ್ಟೆ. ಟೀ ಅಂಗಡಿಯ ನೋಟು ಮಾತ್ರ ಗಂಟಿನಿಂದ ಹೊರಗೆ ಬಂದು ಬಟ್ಟೆಯ ಅಂಚಿಗೆ ಅಂಟಿಕೊಂಡಿತ್ತು. ಪಕ್ಕದಲ್ಲಿದ್ದ ಯಾರೋ ಅದನ್ನು ಬೆರಳಲ್ಲಿ ಒಳಗೆ ತಳ್ಳಿದರು.

ವೆಂಗಮಾಂಬ ಅನ್ನಪ್ರಸಾದ ಕೇಂದ್ರದಲ್ಲಿ ಹೊಟ್ಟೆ ತುಂಬ ಊಟ. ಬಿಸಿ ಅನ್ನ ಸಾಂಬಾರು, ಮತ್ತೆ ಕೇಳಿದರೆ ಮತ್ತೆ ಹಾಕುತ್ತಾರೆ. ಸಂಜೆ ಬಸ್ಸು. ಅಷ್ಟು ದಿನ ನಡೆದ ದಾರಿ ಬಸ್ಸಿನಲ್ಲಿ ಒಂದು ರಾತ್ರಿಯೂ ಹಿಡಿಯಲಿಲ್ಲ. ಎಲ್ಲರೂ ಬಾಯಿ ಬಿಟ್ಟುಕೊಂಡು ನಿದ್ದೆ. ನಾನು ಕಿಟಕಿ ಪಕ್ಕ ಎದ್ದು ಕೂತು ಹುಡುಕುತ್ತಿದ್ದೆ, ನಾವು ಮಲಗಿದ್ದ ಛತ್ರ ಯಾವುದು, ಘಾಟಿಯ ತಿರುವು ಯಾವುದು ಅಂತ. ಕತ್ತಲಲ್ಲಿ ಒಂದೂ ಗುರುತು ಸಿಗಲಿಲ್ಲ.

ಊರಿಗೆ ಬಂದ ಮೇಲೂ ನಮ್ಮ ಕಡೆ ಒಂದು ಕೆಲಸ ಇದೆ, ಹರಿಸೇವೆ. ಅದು ಆಗುವ ತನಕ ಹಿರಿಯರು ತಿರುಪತಿಗೆ ಹೋಗಿ ಬಂದರು ಅಂತ ಒಪ್ಪುವುದಿಲ್ಲ. ಶನಿವಾರ ದಾಸಯ್ಯನವರು ಬಂದರು, ಶಂಖ ಊದಿ ಜಾಗಟೆ ಬಾರಿಸಿದರು, ಎಡೆ ಹಾಕಿ ಗೋವಿಂದ ಹೇಳಿಸಿದರು, ಬೀದಿಗೆಲ್ಲ ಊಟ ಹಾಕಿದೆವು. ಲಾಡನ್ನು ಪುಡಿ ಮಾಡಿ, ಪಟ್ಟಿ ನೋಡಿಕೊಂಡು, ನಮ್ಮ ಊರಲ್ಲಿ ಕಾಸು ಕೊಟ್ಟವರ ಮನೆಗೆಲ್ಲ ನಾನೇ ಹೋಗಿ ಕೊಟ್ಟು ಬಂದೆ. ಅತ್ತೆ ನನ್ನ ಬೋಳು ತಲೆಯ ಮೇಲೆ ಕೈ ಇಟ್ಟು ತುಂಬ ಹೊತ್ತು ತೆಗೆಯಲೇ ಇಲ್ಲ. ಖಾಲಿ ಮೊಳೆಗೆ ಈಗ ಏನು ಹಾಕುವುದು ಅಂತ ಕೇಳಿದರು. ಸದ್ಯಕ್ಕೆ ಗಂಟೆ ನೇತು ಹಾಕಿದ್ದೇವೆ.

ಒಂದು ಪೊಟ್ಟಣ ಉಳಿದಿತ್ತು, ನಂಗಲಿಯದು. ಮುಳಬಾಗಿಲಿಗೆ ಬೇರೆ ಕೆಲಸಕ್ಕೆ ಹೋದಾಗ ಅಲ್ಲಿಂದ ಬಸ್ಸು ಹಿಡಿದು ಹೋದೆ. ಟೀ ಅಂಗಡಿಯ ಅಕ್ಕನಿಗೆ ತಲೆ ಮೇಲಿನ ಸೆರಗು ನೋಡಿ ಮೊದಲು ಗುರುತು ಸಿಗಲಿಲ್ಲ. ಮೊಮ್ಮಗಳ ಹೆಸರು ಹೇಳಿದೆ, ತಕ್ಷಣ ಎದ್ದು ನಿಂತರು. ಪ್ರಸಾದ ಎರಡೂ ಕೈಯಲ್ಲಿ ತೆಗೆದುಕೊಂಡು, ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದವರಿಗೂ ಒಂದೊಂದು ಚೂರು ಕೊಟ್ಟರು. ಆಮೇಲೆ ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತು, "ಬರೋ ವರ್ಷ ನಾನೂ ಬರಬೇಕು ಅಂತಿದೀನಿ ಕಣಮ್ಮ. ನನ್ನಂಥವಳ ಕೈಲಿ ಆಗುತ್ತಾ?" ಅಂದರು. ಅವರ ಪಾದ ನೋಡಿದೆ, ಹಿಮ್ಮಡಿ ಒಡೆದಿತ್ತು. ಈಗಿಂದಲೇ ರಾತ್ರಿ ಹರಳೆಣ್ಣೆ ಹಚ್ಚಿ, ದಿನಾ ಬೆಳಿಗ್ಗೆ ಒಂದಷ್ಟು ದೂರ ನಡೆದು ಅಭ್ಯಾಸ ಮಾಡಿಕೊಳ್ಳಿ, ಹೊಸ ಚಪ್ಪಲಿ ಹಾಕಿಕೊಂಡು ಹೊರಡಬೇಡಿ, ಹತ್ತಿಯ ಕಾಲುಚೀಲ ಎರಡು ಜೊತೆ ಇರಲಿ ಅಂತ ಹೇಳಿ, ತಾತನ ಫೋನ್ ನಂಬರ್ ಬರೆದುಕೊಟ್ಟೆ.